ಬೀಳುವವನ ಮೇಲೆ ಕಣ್ಣಿಡಿ: ಹಳೆಯ ಜುಜುತ್ಸು ಪ್ರದರ್ಶನವನ್ನು ನೋಡುವ ಬಗೆ

ಪ್ರಶ್ನೆ: ಬೆಂಗಳೂರಿನಲ್ಲಿ ಆರು ವರ್ಷದಿಂದ ಜೂಡೊ ಕಲಿಯುತ್ತಿದ್ದೇನೆ, ಈಗ ಬ್ರೌನ್ ಬೆಲ್ಟ್. ನವೆಂಬರ್ ಮೊದಲ ವಾರ ಆಫೀಸ್ ಕೆಲಸದ ಮೇಲೆ ಟೋಕಿಯೊಗೆ ಹೋಗುತ್ತಿದ್ದೇನೆ. 3ನೇ ತಾರೀಖು ಮೇಜಿ ಜಿಂಗು ದೇಗುಲದಲ್ಲಿ ಹಳೆಯ ಸಮರಕಲೆಗಳ ಪ್ರದರ್ಶನ ನಡೆಯುತ್ತದೆ, ತಪ್ಪಿಸಬೇಡ ಎಂದು ನಮ್ಮ ಕೋಚ್ ಹೇಳಿದ್ದಾರೆ. ಕುತೂಹಲಕ್ಕೆ ಜೂಡೊಗೆ ಮೂಲವಾದ ಜುಜುತ್ಸುವಿನ ಒಂದಷ್ಟು ವಿಡಿಯೊ ನೋಡಿದೆ. ಒಬ್ಬರು ಮುಂಗೈ ಹಿಡಿಯುತ್ತಾರೆ, ಇನ್ನೊಬ್ಬರು ತಿರುಚುತ್ತಾರೆ, ಹಿಡಿದವರು ಬೀಳುತ್ತಾರೆ. ಎಲ್ಲ ಮೊದಲೇ ಮಾತಾಡಿಕೊಂಡ ಹಾಗಿದೆ. ನಿಜವಾದ ಜಗಳದಲ್ಲಿ ಮುಂಗೈ ಯಾರು ಹಿಡಿಯುತ್ತಾರೆ? ದಿನಾ ರಂದೋರಿ, ಅಂದರೆ ಮೊದಲೇ ನಿಗದಿಯಿಲ್ಲದ ಬಿಡುವರಸೆ, ಮಾಡುವ ಹಿರಿಯರು ಇದನ್ನು ವರ್ಷ ವರ್ಷ ಹೋಗಿ ನೋಡುವುದು ಏಕೆ? ಹೋದರೆ ನಾನು ಏನನ್ನು ನೋಡಬೇಕು?

ಉತ್ತರ: ನಿಮ್ಮ ಅನುಮಾನದ ಅರ್ಧ ಸರಿಯಾಗಿದೆ. ಯಾರು ಬೀಳುತ್ತಾರೆ ಎನ್ನುವುದು ಮೊದಲೇ ನಿಗದಿ, ಅದನ್ನು ಯಾರೂ ಮುಚ್ಚಿಡುವುದೂ ಇಲ್ಲ. ಆದರೆ ನಿಗದಿಯಾಗಿರುವುದು ಅಷ್ಟು ಮಾತ್ರ. ಬಂದ ಏಟು ನಿಜವಾಗಿ ಮೈಗೆ ತಲುಪುವಂತಿತ್ತೆ, ತಪ್ಪಿಸಿಕೊಂಡವನ ಹೆಜ್ಜೆ ಹೊತ್ತಿಗೆ ಸರಿಯಾಗಿ ಬಿತ್ತೆ, ಬಿದ್ದವನ ತೂಕ ಮೊದಲೇ ಹಿಮ್ಮಡಿಗೆ ಜಾರಿತ್ತೆ ಅಥವಾ ಅವನೇ ಹಾರಿಕೊಂಡನೆ, ಇವೆಲ್ಲ ತೀರ್ಮಾನವಾಗುವುದು ನಿಮ್ಮ ಕಣ್ಣೆದುರಿಗೇ. ಕೀರ್ತನೆಯ ರಾಗ, ತಾಳ, ಸಾಹಿತ್ಯ ಮೂರೂ ಬಾಯಿಪಾಠ ಇದ್ದವರೇ ಕಛೇರಿಯ ಮುಂದಿನ ಸಾಲಿನಲ್ಲಿ ಕೂತಿರುತ್ತಾರಲ್ಲ, ಇಪ್ಪತ್ತು ಮೂವತ್ತು ವರ್ಷ ಪಟ್ಟು ಹಾಕಿದವರು, ಹಾಕಿಸಿಕೊಂಡವರು ಇಲ್ಲಿ ಬಂದು ಕೂರುವುದೂ ಅದೇ ಕಾರಣಕ್ಕೆ.

ಜಪಾನಿಯರು ಈ ಪ್ರದರ್ಶನವನ್ನು ‘ಎನ್‌ಬು’ ಎನ್ನುತ್ತಾರೆ. ದೇಗುಲದ ಆವರಣದಲ್ಲಿ ನಡೆದರೆ ಅದು ದೇವರಿಗೆ ಅರ್ಪಿಸುವ ಎನ್‌ಬು. ಆದ್ದರಿಂದ ಜೋಡಿ ಮೊದಲು ನಮಸ್ಕರಿಸುವುದು ದೇಗುಲದ ದಿಕ್ಕಿಗೆ, ನಿಮಗಲ್ಲ. ಪ್ರೇಕ್ಷಕರಿಗೆ ಚೆನ್ನಾಗಿ ಕಾಣಲಿ ಎಂದು ಯಾರೂ ಮಗ್ಗುಲು ತಿರುಗಿ ನಿಲ್ಲುವುದಿಲ್ಲ, ಪಟ್ಟನ್ನು ನಿಧಾನ ಮಾಡಿ ವಿವರಿಸುವುದಿಲ್ಲ. ಮೊದಲ ಸಲ ನೋಡುವವರಿಗೆ ಇದು ಸಪ್ಪೆ ಎನಿಸಲು ಇದೊಂದು ಕಾರಣ.

ಇನ್ನು ಮುಂಗೈ ವಿಷಯ. ಇಡೀ ಹಳೆಯ ಜುಜುತ್ಸುವಿನ ಬೀಗದ ಕೈ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ವಿಡಿಯೊದಲ್ಲಿ ನೀವು ನೋಡಿದ ಇಬ್ಬರ ಸೊಂಟಕ್ಕೂ ಮನಸ್ಸಿನಲ್ಲೇ ಒಂದೊಂದು ಕತ್ತಿ ಸಿಕ್ಕಿಸಿ, ಆಮೇಲೆ ಅದೇ ದೃಶ್ಯವನ್ನು ಮತ್ತೆ ನೋಡಿ. ಎದುರಿಗಿರುವವನ ಬಲಗೈ ಅವನ ಎಡಸೊಂಟದ ಹಿಡಿಕೆಯ ಕಡೆ ಹೊರಟಿದೆ. ಕತ್ತಿ ಒರೆಯಿಂದ ಪೂರ್ತಿ ಹೊರಬಂದರೆ ನಿಮ್ಮ ಆಟ ಮುಗಿಯಿತು. ಆಗ ಹಿಡಿಯಬೇಕಾದ ಜಾಗ ಕಾಲರ್ ಅಲ್ಲ, ತೋಳಲ್ಲ, ಆ ಮುಂಗೈಯೇ. ಈಗ ಉಲ್ಟಾ ಮಾಡಿ: ಕತ್ತಿ ಎಳೆಯಲು ಹೊರಟವರು ನೀವು, ಅವನು ನಿಮ್ಮ ಮುಂಗೈ ಒತ್ತಿ ಹಿಡಿದಿದ್ದಾನೆ. ಹಿಡಿದ ಕೈಯನ್ನು ಬಿಡಿಸಿಕೊಂಡು ಕತ್ತಿ ಹೊರತೆಗೆಯುವುದೇ ನಿಮಗೆ ಬದುಕುವ ದಾರಿ. ಮುಂಗೈ ಹಿಡಿತದ ಕಟಾಗಳಲ್ಲಿ, ಅಂದರೆ ಇಬ್ಬರು ಸೇರಿ ಮಾಡುವ ನಿಗದಿತ ವರಸೆಗಳಲ್ಲಿ, ಬಹುಪಾಲು ಈ ಎರಡರಲ್ಲಿ ಒಂದಕ್ಕೆ ಉತ್ತರ. ಆಯುಧ ಬೀದಿಯಿಂದ ಮಾಯವಾಗಿದೆ, ಕತ್ತಿ ಕಟ್ಟಿಕೊಂಡು ತಿರುಗುವುದಕ್ಕೆ ಜಪಾನ್ ಸರ್ಕಾರ 1876ರಲ್ಲೇ ತಡೆ ಹಾಕಿತು. ಹಿಡಿತ ಮಾತ್ರ ಉಳಿಯಿತು. ಹಾಗಾಗಿ ಇಂದಿನ ಕಣ್ಣಿಗೆ ಅದು ಅರ್ಥವಿಲ್ಲದ ಆಟದಂತೆ ಕಾಣುತ್ತದೆ.

ಈಗಲೂ ಉಳಿದಿರುವ ತೀರಾ ಹಳೆಯ ಜುಜುತ್ಸು ಪರಂಪರೆಗಳಲ್ಲಿ ತಕೆನೊಉಚಿ-ರ್ಯೂ ಒಂದು. ತಕೆನೊಉಚಿ ಹಿಸಾಮೊರಿ ಅದನ್ನು 1532ರಲ್ಲಿ ಮಿಮಾಸಾಕ ಸೀಮೆಯಲ್ಲಿ, ಅಂದರೆ ಇಂದಿನ ಒಕಾಯಾಮ ಪ್ರಾಂತ್ಯದಲ್ಲಿ, ಶುರುಮಾಡಿದರು ಎಂದು ಆ ಮನೆತನದ ದಾಖಲೆ ಹೇಳುತ್ತದೆ. ಅದರ ಮೂಲ ಪಾಠದ ಹೆಸರು ‘ಕೊಶಿ ನೊ ಮವಾರಿ’, ಸೊಂಟದ ಸುತ್ತಮುತ್ತ ಎಂದರ್ಥ. ಬರಿಗೈ ಕುಸ್ತಿ ಅದಲ್ಲ. ಸೊಂಟದಲ್ಲಿ ಗಿಡ್ಡ ಕತ್ತಿ ಇಟ್ಟುಕೊಂಡವನು ಇನ್ನೊಬ್ಬನ ಮೈಗೆ ಅಂಟಿಕೊಂಡು ಸೆಣಸುವ ವಿದ್ಯೆ. ಜುಜುತ್ಸು ಎಂದರೆ ನಿರಾಯುಧರ ಕಲೆ ಎಂಬ ನಮ್ಮ ಕಲ್ಪನೆ ಬಹಳ ತಡವಾಗಿ ಬಂದದ್ದು.

ಕೂತು ಮಾಡುವ ಕಟಾಗಳಿಗೂ ಇದೇ ಹಿನ್ನೆಲೆ. ಉದ್ದ ಕತ್ತಿಯನ್ನು ಮನೆಯೊಳಗೆ ಸೊಂಟದಿಂದ ತೆಗೆದು ಪಕ್ಕಕ್ಕಿಡುವುದು ಶಿಷ್ಟಾಚಾರ, ಅದರಲ್ಲೂ ಬಲಮಗ್ಗುಲಿಗೆ, ಏಕೆಂದರೆ ಅಲ್ಲಿಂದ ಥಟ್ಟನೆ ಎಳೆಯುವುದು ಕಷ್ಟ. ಗಿಡ್ಡ ಕತ್ತಿ ಸೊಂಟದಲ್ಲೇ ಉಳಿಯುತ್ತದೆ. ಇಬ್ಬರೂ ಮಂಡಿ ಮಡಿಸಿ ಎದುರುಬದುರು ಕೂತಿದ್ದಾರೆ. ಕೊಲ್ಲಬೇಕೆಂದು ಬಂದವನಿಗೆ ಇದಕ್ಕಿಂತ ಅನುಕೂಲದ ದೂರ ಸಿಗುವುದಿಲ್ಲ.

ನೀವು ಜೂಡೊದವರಾದ್ದರಿಂದ ಇದರ ಸಾಕ್ಷಿ ನಿಮ್ಮ ಮನೆಯಲ್ಲೇ ಇದೆ. ಜೂಡೊದ ಮೂಲ ಶಾಲೆ ಕೊಡೊಕಾನ್‌ನ ‘ಕಿಮೆ ನೊ ಕಟಾ’ದಲ್ಲಿ 20 ಪಟ್ಟುಗಳಿವೆ. 8 ಕೂತು ಮಾಡುವಂಥವು, 12 ನಿಂತು ಮಾಡುವಂಥವು. ಕೂತು ಮಾಡುವ ಮೊದಲನೆಯ ಪಟ್ಟನ್ನೇ ತೆಗೆದುಕೊಳ್ಳಿ. ಇಬ್ಬರ ಮಂಡಿಗಳ ನಡುವೆ ಎರಡು ಮುಷ್ಟಿಯಷ್ಟು ಜಾಗ, ಸುಮಾರು 20 ಸೆಂಟಿಮೀಟರ್. ಉಕೆ, ಅಂದರೆ ಪಟ್ಟು ಹಾಕಿಸಿಕೊಳ್ಳುವವನು, ತೋರಿಯ, ಅಂದರೆ ಪಟ್ಟು ಹಾಕುವವನ, ಎರಡೂ ಮುಂಗೈಗಳನ್ನು ಗಪ್ಪನೆ ಹಿಡಿಯುತ್ತಾನೆ. ತೋರಿ ಕೈಗಳನ್ನು ಅಗಲಿಸಿ ಅವನನ್ನು ಮುಂದಕ್ಕೆ ತರುತ್ತಾನೆ, ಕೂತಲ್ಲಿಂದಲೇ ಮಂಡಿಯಿಂದ ಎದೆಗೂಡಿನ ಕೆಳಗಿನ ಗುಳಿಗೆ ಗುದ್ದುತ್ತಾನೆ, ಹಿಡಿತ ಸಡಿಲವಾದ ಕ್ಷಣಕ್ಕೆ ಕೈಯನ್ನು ಕಿತ್ತು ಉಕೆಯ ತೋಳನ್ನು ತನ್ನ ಕಂಕುಳಲ್ಲಿ ಸಿಕ್ಕಿಸಿ ಮೊಣಕೈಗೆ ಲಾಕ್ ಹಾಕುತ್ತಾನೆ. ಈ ಎಂಟರಲ್ಲಿ ಮೊದಲ ಐದು ಬರಿಗೈ ದಾಳಿ, ಕೊನೆಯ ಮೂರರಲ್ಲಿ ಬಾಕು ಬರುತ್ತದೆ.

ಇಲ್ಲಿ ನೋಡಬೇಕಾದದ್ದು ಕೈಯನ್ನಲ್ಲ, ಕಾಲ್ಬೆರಳನ್ನು. ಸುಮ್ಮನೆ ಕೂತಾಗ ಪಾದದ ಮೇಲ್ಭಾಗ ನೆಲಕ್ಕೆ ಚಪ್ಪಟೆಯಾಗಿ ತಾಗಿರುತ್ತದೆ, ಆ ಸ್ಥಿತಿಯಿಂದ ಯಾರೂ ಮುನ್ನುಗ್ಗಲಾರರು. ಬೆರಳುಗಳು ಮಡಚಿ ನೆಲಕ್ಕೆ ಊರಿದವು ಎಂದರೆ ಮೈ ಹೊರಡಲು ಸಿದ್ಧವಾಯಿತು. ನುರಿತ ಜೋಡಿಯಲ್ಲಿ ದಾಳಿ ಮಾಡುವವನ ಬೆರಳು ಊರುವುದಕ್ಕೂ ತೋರಿಯ ಬೆರಳು ಊರುವುದಕ್ಕೂ ನಡುವೆ ಅಂತರವೇ ಕಾಣದು. ಎಳಸು ಜೋಡಿಯಲ್ಲಿ ತೋರಿ ಮೊದಲೇ ಬೆರಳೂರಿಕೊಂಡು ಕಾಯುತ್ತಿರುತ್ತಾನೆ. ಏನು ಬರುತ್ತದೆಂದು ತನಗೆ ಗೊತ್ತು ಎಂಬುದನ್ನು ಅವನ ಪಾದವೇ ಹೇಳಿಬಿಡುತ್ತದೆ. ನೀವು ದಿನಾ ಕ್ಲಾಸಿನಲ್ಲಿ ಕೂರುವಾಗ ಎಡಮಂಡಿ ಮೊದಲು, ಏಳುವಾಗ ಬಲಗಾಲು ಮೊದಲು ಎಂದು ಮಾಡುತ್ತೀರಲ್ಲ, ಅದಕ್ಕೆ ಕೊಡುವ ವಿವರಣೆಯೂ ಕತ್ತಿಯದೇ: ಎಡಸೊಂಟದ ಕತ್ತಿಯನ್ನು ಎಳೆಯುವಾಗ ಮುಂದೆ ಬರುವುದು ಬಲಗಾಲು.

ನಿಂತು ಮಾಡುವವುಗಳಲ್ಲಿ ಹನ್ನೊಂದನೆಯದು ‘ನುಕಿಕಾಕೆ’. ಉಕೆ ಬಲಗಾಲು ಮುಂದಿಟ್ಟು ಕತ್ತಿ ಎಳೆಯಲು ಹೊರಡುತ್ತಾನೆ. ತೋರಿ ಹಿಂದಕ್ಕೆ ಸರಿಯುವುದಿಲ್ಲ, ಒಳನುಗ್ಗುತ್ತಾನೆ. ಬಲಗೈಯಿಂದ ಅವನ ಬಲಮುಂಗೈಯನ್ನು ಒತ್ತಿ ಹಿಡಿದು, ಅವನ ಬೆನ್ನಿಗೆ ಸುತ್ತಿ ಹೋಗಿ, ಎಡಗೈಯನ್ನು ಭುಜದ ಮೇಲಿಂದ ತಂದು ಕಾಲರ್ ಹಿಡಿಯುತ್ತಾನೆ, ಬಲಗೈಯನ್ನು ಅವನ ಬಲತೋಳಿನಡಿ ತೂರಿಸಿ ಮೇಲೆತ್ತಿ ಕತ್ತಿನ ಹಿಂದಕ್ಕೆ ಒಯ್ಯುತ್ತಾನೆ. ಹೆಸರು ಹೇಳಿದರೆ ನಗು ಬಂದೀತು: ಕತಾಹಾಜಿಮೆ. ನೆಲದ ಮೇಲೆ ನೀವು ಎಷ್ಟೋ ಸಲ ಹಾಕಿರುವ, ಕತ್ತು ಅಮುಕುವ ಪಟ್ಟು. ಅದರಲ್ಲಿ ತೋಳನ್ನು ಏಕೆ ಮೇಲೆತ್ತಬೇಕು ಎಂಬುದಕ್ಕೆ ಕುಣಿಕೆ ಬಿಗಿಯಾಗಲಿ ಎನ್ನುವ ಉತ್ತರ ನಿಮಗೆ ಗೊತ್ತು. ಆ ತೋಳೇ ಕತ್ತಿ ಎಳೆಯಬೇಕಿದ್ದ ತೋಳು ಎನ್ನುವ ಉತ್ತರ ಸಿಗುವುದು ಈ ಕಟಾದಲ್ಲಿ. ಜೂಡೊ, ಬ್ರೆಜಿಲಿಯನ್ ಜುಜುತ್ಸು ಆಡುವವರನ್ನು ಎನ್‌ಬು ಹಿಡಿದಿಡುವುದು ಬಹುಮಟ್ಟಿಗೆ ಇಂಥ ಕ್ಷಣಗಳಿಂದ. ಕೈಗೆ ಚೆನ್ನಾಗಿ ಗೊತ್ತಿರುವ ಪಟ್ಟಿನ ಮೂಲ ಕಾರಣ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಉದಾಹರಣೆ ಕೊಡಲೇಬೇಕು, ‘ಕೊಶಿಕಿ ನೊ ಕಟಾ’. ಜೂಡೊ ಸ್ಥಾಪಕ ಕಾನೊ ಜಿಗೊರೊ 1877ರಲ್ಲಿ ತೆಂಜಿನ್ ಶಿನ್ಯೊ-ರ್ಯೂ ಶಾಲೆ ಸೇರಿದರು. ಕತ್ತು ಅಮುಕುವ ಪಟ್ಟುಗಳಿಗೆ, ಮರ್ಮಸ್ಥಾನದ ಏಟುಗಳಿಗೆ ಹೆಸರಾದ ಶಾಲೆ ಅದು. ಆಮೇಲೆ ಇಇಕುಬೊ ತ್ಸುನೆತೋಶಿ ಅವರ ಬಳಿ ಕಿತೊ-ರ್ಯೂ ಕಲಿತರು. 1882ರಲ್ಲಿ ಕೊಡೊಕಾನ್ ಕಟ್ಟಿದ ಮೇಲೂ ಕಿತೊ-ರ್ಯೂದ ಕಟಾಗಳನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಕೊಶಿಕಿ ಎಂಬ ಹೆಸರಿನಲ್ಲಿ ಉಳಿಸಿಕೊಂಡರು. ಒಟ್ಟು 21 ಪಟ್ಟು: ಮುಂಭಾಗದ 14, ಹಿಂಭಾಗದ 7.

ಇದನ್ನು ಮಾಡುವವರು ಹಾಕಿಕೊಳ್ಳುವುದು ನಿಮ್ಮಂತೆಯೇ ಜೂಡೊ ಬಟ್ಟೆ, ಆದರೆ ಇಬ್ಬರೂ ಲೋಹದ ಕವಚ ತೊಟ್ಟವರಂತೆ ನಡೆಯಬೇಕು. ಜಪಾನೀ ಯುದ್ಧಕವಚ 20 ಕಿಲೊ ದಾಟುವುದೂ ಉಂಟು. ಅಷ್ಟು ಭಾರ ಹೊತ್ತವನು ಬಗ್ಗಲಾರ, ಹಾರಲಾರ, ಸೊಂಟದ ಮೇಲೆ ಇನ್ನೊಬ್ಬನನ್ನು ಹೇರಿಕೊಂಡು ಎಸೆಯಲಾರ. ಅವನಿಗೆ ಒಂದೇ ದಾರಿ: ಎದುರಾಳಿಯ ಕವಚದ ತೂಕವನ್ನೇ ಹಿಂದಕ್ಕೋ ಮುಂದಕ್ಕೋ ವಾಲಿಸಿ, ತಾನು ಮಂಡಿಯೂರಿ ಕುಸಿದು ಅವನನ್ನೂ ಕೆಳಗೆ ತರುವುದು. ಕುಜುಶಿ, ಅಂದರೆ ಸಮತೋಲ ತಪ್ಪಿಸುವುದು, ನಿಮಗೆ ಪಟ್ಟಿನ ಮೊದಲ ಹಂತ ಮಾತ್ರ. ಇಲ್ಲಿ ಹೆಚ್ಚುಕಡಿಮೆ ಅದೇ ಪೂರ್ತಿ ಪಟ್ಟು. ಕಿತೊ ಎಂಬ ಹೆಸರಿನ ಅರ್ಥವೇ ಏಳುವುದು-ಬೀಳುವುದು.

ಹನ್ನೊಂದನೆಯ ಪಟ್ಟಿನ ಹೆಸರು ‘ಶಿಕೊರೊದೊರಿ’. ಶಿಕೊರೊ ಎಂದರೆ ಶಿರಸ್ತ್ರಾಣದ ಹಿಂಬದಿಯಲ್ಲಿ ಕುತ್ತಿಗೆ ಮುಚ್ಚುವಂತೆ ಇಳಿಬಿದ್ದಿರುವ ಪಟ್ಟಿಗಳ ಸಾಲು. ತೋರಿಯ ಒಂದು ಕೈ ಉಕೆಯ ಗಲ್ಲಕ್ಕೆ ಹೋಗುತ್ತದೆ, ಇನ್ನೊಂದು ತಲೆಯ ಹಿಂಭಾಗಕ್ಕೆ. ಶಿರಸ್ತ್ರಾಣವಿಲ್ಲದ ಬರಿ ತಲೆಯ ಮೇಲೆ ಆ ಕೈ ಹಿಡಿಯುವುದು ಗಾಳಿಯನ್ನು. ಆದರೂ ಬೆರಳುಗಳು ಅಲ್ಲಿ ಒಂದು ಅಂಚು ಇದೆ ಎಂಬಂತೆ ಮಡಚಿಕೊಂಡೇ ಇರುತ್ತವೆ. ನೂರಾರು ವರ್ಷದಿಂದ ಯಾರ ತಲೆಯ ಮೇಲೂ ಇಲ್ಲದ ವಸ್ತುವನ್ನು ಕೈ ಮರೆತಿಲ್ಲ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಇದನ್ನು ಗೆಳೆಯನ ಮೇಲೆ ಪ್ರಯೋಗ ಮಾಡಬೇಡಿ, ತಿರುಚುವುದು ಕುತ್ತಿಗೆಯನ್ನು.

1929ರಲ್ಲಿ ಟೋಕಿಯೊ ಅರಮನೆಯಲ್ಲಿ ಚಕ್ರವರ್ತಿಯ ಮುಂದೆ ಕೊಶಿಕಿ ಮಾಡಿದವರು ಸ್ವತಃ ಕಾನೊ. ಆಗ ಅವರಿಗೆ 68 ವರ್ಷ. ಬಿದ್ದವರು ಯಾಮಾಶಿತ ಯೊಶಿತ್ಸುಗು, ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್‌ಗೆ ಜೂಡೊ ಹೇಳಿಕೊಟ್ಟವರು, ಅವರಿಗೂ ಅರವತ್ತು ದಾಟಿತ್ತು. ಅವರಿಬ್ಬರು ಕೊಶಿಕಿ ಮಾಡುವ ಹಳೆಯ ಚಿತ್ರೀಕರಣ ಉಳಿದಿದೆ, ಟೋಕಿಯೊಗೆ ಹೊರಡುವ ಮೊದಲು ಹುಡುಕಿ ನೋಡಿ. ಮೊದಲ 14ರಲ್ಲಿ ಪ್ರತಿ ಪಟ್ಟಿನ ಕೊನೆಗೂ ಒಂದು ನಿಲುಗಡೆ ಇದೆ, ಕೊನೆಯ 7 ನಿಲ್ಲದೆ ಹರಿಯುತ್ತವೆ. ವಿಶ್ವ ಜೂಡೊ ಕಟಾ ಚಾಂಪಿಯನ್‌ಶಿಪ್ 2009ರಲ್ಲಿ ಮಾಲ್ಟಾದಲ್ಲಿ ಶುರುವಾಯಿತು. ಕಿಮೆ ನೊ ಕಟಾ ಅದರಲ್ಲಿದೆ, ಕೊಶಿಕಿ ಇಲ್ಲ. ಅಂಕಕ್ಕೆ ಸಿಗದೆ ಉಳಿದದ್ದೇ ಒಳ್ಳೆಯದಾಯಿತು ಎಂಬುದು ನನ್ನ ಅಭಿಪ್ರಾಯ.

ಈಗ ಶೀರ್ಷಿಕೆಯ ಮಾತಿಗೆ ಬರೋಣ. ಬೀಳುವವನನ್ನು ನೋಡಿ. ನಮ್ಮ ಕಣ್ಣು ತಾನಾಗಿ ಗೆಲ್ಲುವವನ ಹಿಂದೆ ಹೋಗುತ್ತದೆ, ಅದನ್ನು ಪ್ರಯತ್ನಪಟ್ಟು ತಿರುಗಿಸಬೇಕು. ಹಳೆಯ ಕತ್ತಿವರಸೆಯ ಶಾಲೆಗಳಲ್ಲಿ ಸೋಲುವ ಪಾತ್ರ ಹಿರಿಯರದು. ಅನೇಕ ಜುಜುತ್ಸು ಶಾಲೆಗಳಲ್ಲೂ ಇದೇ ರೂಢಿ. ಏಕೆಂದರೆ ಎಷ್ಟು ದೂರದಿಂದ, ಎಷ್ಟು ವೇಗದಲ್ಲಿ, ಯಾವ ಕೋನದಿಂದ ದಾಳಿ ಬರಬೇಕು ಎಂದು ತೀರ್ಮಾನಿಸುವವನು ಅವನು. ಕಿರಿಯ ಎಷ್ಟು ಕಲಿಯಬಹುದು ಎಂಬುದು ಅವನ ಕೈಯಲ್ಲಿದೆ. ಸುಲಭದ ದಾಳಿ ಕೊಟ್ಟರೆ ಕಿರಿಯ ಮೋಸಹೋಗುತ್ತಾನೆ, ತಾಳಲಾರದ್ದು ಕೊಟ್ಟರೆ ಮುರಿಯುತ್ತಾನೆ.

ಉಕೆಯಲ್ಲಿ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು ಮತ್ತು ಅತಿ ಸಾಮಾನ್ಯವಾದದ್ದು, ಏಟು ಗುರಿ ಮುಟ್ಟದೇ ಇರುವುದು. ತೋರಿ ಕದಲದೆ ನಿಂತಿದ್ದರೂ ಆ ಮುಷ್ಟಿ ಮೂಗಿನಿಂದ ಒಂದು ಗೇಣು ಈಚೆಗೇ ನಿಲ್ಲುತ್ತಿತ್ತು ಎಂದರೆ ಆಮೇಲೆ ನಡೆಯುವುದೆಲ್ಲ ಸುಳ್ಳು. ಗೆಳೆಯನಿಗೆ ನೋವಾಗದಿರಲಿ ಎಂಬ ಕಾಳಜಿಯಿಂದ ಶುರುವಾಗುವ ದೋಷ ಇದು, ಆದ್ದರಿಂದಲೇ ಬೇಗ ಹಬ್ಬುತ್ತದೆ. ಗುರಿ ಮುಟ್ಟದ ಏಟಿನಿಂದ ತಪ್ಪಿಸಿಕೊಳ್ಳಲು ತೋರಿಗೆ ಎಂಥ ಹೆಜ್ಜೆಯಾದರೂ ಸಾಕಾಗುತ್ತದೆ, ಹೊತ್ತು ಮೀರಿದರೂ ನಡೆಯುತ್ತದೆ. ಹತ್ತು ವರ್ಷದಲ್ಲಿ ಇಡೀ ಶಾಲೆಯ ದೂರದ ಲೆಕ್ಕ, ಜಪಾನಿಯರು ‘ಮಾಆಯ್’ ಎನ್ನುವುದು, ತಪ್ಪಿಹೋಗುತ್ತದೆ. ಎರಡನೆಯದು, ಬೇಗ ಹಾರುವುದು. ತೋರಿಯ ಸೊಂಟ ಇನ್ನೂ ಒಳಬಂದಿಲ್ಲ, ಉಕೆಯ ಹಿಮ್ಮಡಿ ಆಗಲೇ ನೆಲ ಬಿಟ್ಟಿದೆ. ಇದನ್ನು ಹಿಡಿಯುವುದು ಸುಲಭ: ತೂಕ ತಪ್ಪಿ ಬೀಳುವವನ ತಲೆ ಮೊದಲು ವಾಲುತ್ತದೆ, ಹಾರಿಕೊಳ್ಳುವವನ ಮಂಡಿ ಮೊದಲು ಬಗ್ಗುತ್ತದೆ. ಮೂರನೆಯದು ಸೂಕ್ಷ್ಮ. ಒಮ್ಮೆ ದಾಳಿ ಮಾಡಿದ ಮೇಲೆ ಉಕೆ ಸತ್ತವನಂತೆ ಕೈ ಬಿಟ್ಟುಬಿಡುವುದು. ಹಿಡಿಸಿಕೊಂಡದ್ದು ಬಲಗೈ, ಎಡಗೈ ಸುಮ್ಮನೆ ನೇತಾಡುತ್ತಿದೆ. ಅಂಥ ಜೋಡಿಯಲ್ಲಿ ತೋರಿಯೂ ಆ ಕೈಯ ಬಗ್ಗೆ ಯೋಚಿಸುವುದನ್ನು ನಿಲ್ಲಿಸಿರುತ್ತಾನೆ, ಬಾಕು ಅಲ್ಲಿಯೇ ಇರಬಹುದಿತ್ತು.

ತೋರಿಯ ಕಡೆಯ ತಪ್ಪೆಂದರೆ ‘ಅತೆಮಿ’ಯನ್ನು ಹಾರಿಸಿಬಿಡುವುದು. ಪಟ್ಟಿಗೆ ಮುಂಚೆ ಕಣ್ಣಿನತ್ತ ಬೆರಳು, ಪಕ್ಕೆಗೆ ಮೊಣಕೈ, ತೊಡೆಸಂದಿಗೆ ಮಂಡಿ, ಹೀಗೊಂದು ಏಟು ಇರುತ್ತದೆ. ಎದುರಾಳಿಯನ್ನು ಅದೊಂದರಿಂದಲೇ ಉರುಳಿಸುವ ಉದ್ದೇಶ ಇರಬೇಕೆಂದಿಲ್ಲ. ಅರೆಕ್ಷಣ ಅವನ ಉಸಿರನ್ನೋ ನೋಟವನ್ನೋ ಕಡಿದರೆ ಸಾಕು. ಅಷ್ಟರಲ್ಲಿ ಮುಂಗೈ ಮೆತ್ತಗಾಗುತ್ತದೆ, ತಿರುಚಲು ಬರುತ್ತದೆ. ಅತೆಮಿ ತೆಗೆದುಬಿಟ್ಟರೆ ಗಟ್ಟಿ ಕೈಯನ್ನು ತೋಳ್ಬಲದಿಂದ ತಿರುಚಬೇಕಾಗುತ್ತದೆ, ಉಕೆ ಪಾಪ ಎಂದು ಸಹಕರಿಸಬೇಕಾಗುತ್ತದೆ. ವಿಡಿಯೊಗಳಲ್ಲಿ ನಿಮಗೆ ‘ಮಾತಾಡಿಕೊಂಡ ಹಾಗಿದೆ’ ಎನಿಸಿದ್ದಕ್ಕೆ ಕಾರಣ ಅನೇಕ ಕಡೆ ಇದೇ ಇರಬಹುದು.

ಹಾಗಾದರೆ ರಂದೋರಿ ಇಲ್ಲದ ಕಟಾ ಸಾಕೆ? ಸಾಲದು. ಇದನ್ನು ಕಟಾವನ್ನು ಪ್ರೀತಿಸುವವರೇ ಮೊದಲು ಒಪ್ಪಬೇಕು. ಎದುರಿಸದ ಉಕೆಯ ಜೊತೆ ಮಾತ್ರ ಕಲಿತವನಿಗೆ ತನ್ನ ಪಟ್ಟು ಎಲ್ಲಿ ಸೋರುತ್ತಿದೆ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಹಳಬರಿಗೂ ಇದು ಗೊತ್ತಿತ್ತು. ಕಾನೊ ರಂದೋರಿಯನ್ನು ಶೂನ್ಯದಿಂದ ಸೃಷ್ಟಿಸಲಿಲ್ಲ, ಅವರು ಕಲಿತ ಎರಡೂ ಶಾಲೆಗಳಲ್ಲಿ ಬಿಡುವರಸೆಯ ಅಭ್ಯಾಸ ಆಗಲೇ ಇತ್ತು. ಅವರು ಮಾಡಿದ್ದು ಅದನ್ನು ಅಭ್ಯಾಸದ ನಡುಮಧ್ಯಕ್ಕೆ ತಂದದ್ದು. ಕಟಾ ವ್ಯಾಕರಣದಂತೆ, ರಂದೋರಿ ಪ್ರಬಂಧ ಬರೆದಂತೆ ಎಂಬ ಹೋಲಿಕೆಯೂ ಅವರದೇ. ಆದರೆ ಬಿಡುವರಸೆಗೆ ತನ್ನದೇ ಒಂದು ಬೆಲೆ ಇದೆ, ಅದನ್ನು ಜೂಡೊದವರು ಅಷ್ಟಾಗಿ ಲೆಕ್ಕ ಹಾಕುವುದಿಲ್ಲ. ದಿನಾ ಆಡಬೇಕಾದರೆ ಅಪಾಯದ ಪಟ್ಟುಗಳನ್ನು ತೆಗೆಯಲೇಬೇಕು. ನಿಮ್ಮ ಪಂದ್ಯದಲ್ಲಿ ಲಾಕ್ ಮೊಣಕೈಗೆ ಮಾತ್ರ. ಮುಂಗೈ, ಭುಜ, ಕುತ್ತಿಗೆ, ಬೆರಳು ಹೊರಗೆ. ಏಟು ಹೊರಗೆ. ಆಯುಧ ಹೊರಗೆ. 2010ರ ನಂತರ ಕಾಲು ಹಿಡಿಯುವುದೂ ಹೊರಗೆ ಹೋಯಿತು. ಹೀಗೆ ಹೊರಗೆ ಹೋದದ್ದೆಲ್ಲ ಒಟ್ಟಿಗೆ ಸಿಗುವ ಜಾಗ ಎನ್‌ಬು. ಪಂದ್ಯದಲ್ಲಿ ಎಷ್ಟು ದೊಡ್ಡವರೇ ಇರಲಿ, ಅಲ್ಲಿ ಬಂದು ಕೂತಾಗ ತಮ್ಮ ವಿದ್ಯೆಯ ಮನೆಯಲ್ಲಿ ತಾವು ಈವರೆಗೆ ತೆರೆಯದ ಕೋಣೆಗಳಿವೆ ಎಂದು ಅವರಿಗೆ ಕಾಣುತ್ತದೆ.

ಎಲ್ಲ ಕೋಣೆಯನ್ನೂ ತೆರೆದು ತೋರಿಸುವುದಿಲ್ಲ ಎನ್ನುವುದೂ ನಿಜ. ಕೆಲವು ಶಾಲೆಗಳು ಸಾರ್ವಜನಿಕರ ಮುಂದೆ ಮೊದಲ ಹಂತದ ಕಟಾಗಳನ್ನಷ್ಟೇ ಮಾಡುತ್ತವೆ, ಒಳಗಿನ ಪಾಠವನ್ನು ಶಿಷ್ಯರಿಗೆ ಮಾತ್ರ ಇಟ್ಟುಕೊಳ್ಳುತ್ತವೆ. ಆದ್ದರಿಂದ ಕಟಾದ ನಡುವೆ ಯಾವುದಾದರೂ ಜಾಗದಲ್ಲಿ, ಇಲ್ಲಿ ಇನ್ನೊಂದು ಏಟು ಇರಬೇಕಿತ್ತಲ್ಲ ಎನಿಸಿದರೆ, ಆ ಅನಿಸಿಕೆಯನ್ನು ಬರೆದಿಟ್ಟುಕೊಳ್ಳಿ. ಅದು ನಿಮ್ಮ ತಪ್ಪು ಗ್ರಹಿಕೆಯೇ ಆಗಿರಬೇಕೆಂದಿಲ್ಲ.

ನವೆಂಬರ್ 3 ಜಪಾನಿನಲ್ಲಿ ಸಂಸ್ಕೃತಿ ದಿನ, ಸರ್ಕಾರಿ ರಜೆ. ಮೇಜಿ ಚಕ್ರವರ್ತಿ ಹುಟ್ಟಿದ ದಿನವೂ ಅದೇ. ದೇಗುಲದ ಆವರಣದಲ್ಲಿ ಶಿಸೇಕಾನ್ ಎಂಬ ಅಭ್ಯಾಸಶಾಲೆ ಇದೆ, ಪ್ರದರ್ಶನ ಅದರ ಹತ್ತಿರದ ಹುಲ್ಲುಬಯಲಿನಲ್ಲಿ ನಡೆಯುತ್ತದೆ. ಅಂಗಣಗಳು ಒಂದಕ್ಕಿಂತ ಹೆಚ್ಚು ಇರುತ್ತವೆ, ಏಕಕಾಲಕ್ಕೆ ನಡೆಯುತ್ತವೆ, ಒಂದೊಂದು ಶಾಲೆಗೆ ಸಿಗುವುದು ಕೆಲವೇ ನಿಮಿಷ. ಎಲ್ಲವನ್ನೂ ನೋಡುತ್ತೇನೆ ಎಂದು ಓಡಾಡಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಮೊದಲೇ ಕಾರ್ಯಕ್ರಮಪಟ್ಟಿ ನೋಡಿ ಮೂರೋ ನಾಲ್ಕೋ ಜುಜುತ್ಸು ಶಾಲೆಗಳನ್ನು ಆರಿಸಿಕೊಳ್ಳಿ. ಯಾಗ್ಯೂ ಶಿಂಗಾನ್-ರ್ಯೂದವರು ನಿಜವಾದ ಕವಚ ತೊಟ್ಟು ಮಾಡುವ ದಿನ ಸಿಕ್ಕರೆ ಅದನ್ನು ಬಿಡಬೇಡಿ, ಕೊಶಿಕಿಯಲ್ಲಿ ಕಲ್ಪಿಸಿಕೊಳ್ಳಬೇಕಾದ ಭಾರ ಅಲ್ಲಿ ಕಿವಿಗೇ ಕೇಳಿಸುತ್ತದೆ. ಫೆಬ್ರವರಿಗೆ ಮತ್ತೆ ಹೋಗುವ ಅವಕಾಶ ಬಂದರೆ ನಿಪ್ಪೊನ್ ಬುಡೊಕಾನ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಶಾಲೆಗಳು ಒಂದೇ ದಿನ ಸೇರುವ ಕಾರ್ಯಕ್ರಮವಿದೆ. ಅಲ್ಲಿ ಒಳಾಂಗಣ, ಮೇಲಿನ ಆಸನಗಳಿಂದ ಪಾದಚಲನೆ ಚೆನ್ನಾಗಿ ಕಾಣುತ್ತದೆ. ಬಯಲಿನಲ್ಲಿ ಮಾತ್ರ ಹತ್ತಿರ ಕೂತು, ಜೋಡಿಯನ್ನು ಬದಿಯಿಂದ ನೋಡುವಂಥ ಜಾಗ ಹಿಡಿಯಿರಿ. ಎದುರಿನಿಂದ ನೋಡಿದರೆ ದೂರದ ಲೆಕ್ಕ ಸಿಗುವುದಿಲ್ಲ. ಮೊದಲ ಕಟಾಗಳನ್ನು ಫೋನ್ ಕೆಳಗಿಟ್ಟು ನೋಡಿ.

ಹೊರಡುವ ಮುಂಚೆ ಒಂದು ಅಭ್ಯಾಸ ಮಾಡಿಕೊಂಡು ಹೋದರೆ ನಿಮ್ಮ ಕಣ್ಣೇ ಬೇರೆಯಾಗಿರುತ್ತದೆ. ಕ್ಲಾಸಿನ ಗೆಳೆಯನೊಬ್ಬನ ಬೆಲ್ಟಿಗೆ, ಎಡಮಗ್ಗುಲಿಗೆ, ಒಂದು ಅಡಿ ಉದ್ದದ ಮೊಂಡು ಮರದ ತುಂಡು ಸಿಕ್ಕಿಸಿ. ತುದಿ ಚೂಪಿರಬಾರದು, ಮುಖಕ್ಕೆ ಚುಚ್ಚುವಂತಿಲ್ಲ. ಮೊದಲು ಎರಡು ಹೆಜ್ಜೆ ದೂರ ನಿಲ್ಲಿ. ಅವನು ತನ್ನಿಷ್ಟದ ಹೊತ್ತಿಗೆ ಅದನ್ನು ಎಳೆದು ನಿಮ್ಮ ಹೊಟ್ಟೆಗೆ ತಾಗಿಸಬೇಕು, ನೀವು ಅಷ್ಟರಲ್ಲಿ ಮುಂಗೈ ಹಿಡಿಯಬೇಕು. ಹತ್ತು ಸಲ ಮಾಡಿ, ಬಹುಶಃ ಹತ್ತೂ ಸಲ ತಡವಾಗುತ್ತದೆ. ಆಮೇಲೆ ಒಂದು ತೋಳಿನ ದೂರಕ್ಕೆ ಬನ್ನಿ. ಈಗ ಕೆಲವು ಸಲ ಸಿಗುತ್ತದೆ, ಆದರೆ ಅವನ ಕೈಯನ್ನು ನೋಡುತ್ತಿದ್ದರೆ ಮತ್ತೆ ತಡ. ಕೈಗಿಂತ ಮೊದಲು ಬಲಭುಜ ಕದಲುತ್ತದೆ. ದೂರದ ಬೆಟ್ಟ ನೋಡುವಂತೆ ಇಡೀ ಆಳನ್ನು ಒಟ್ಟಿಗೆ ನೋಡಿ ಎಂದು ಹಳಬರು ಹೇಳುವುದು ಇದಕ್ಕೇ. ಹಿಡಿದ ಮೇಲೆ ಇನ್ನೊಂದು ತೊಂದರೆ ಬರುತ್ತದೆ: ಹಿಡಿದು ಹಿಂದಕ್ಕೆ ಎಳೆದರೆ ತುಂಡನ್ನು ಹೊರತೆಗೆಯಲು ನೀವೇ ಅವನಿಗೆ ಸಹಾಯ ಮಾಡಿದಂತಾಗುತ್ತದೆ. ಅವನ ಹೊಟ್ಟೆಯ ಕಡೆಗೇ ಒತ್ತಬೇಕು. ಕೊನೆಗೆ ತುಂಡನ್ನು ನಿಮ್ಮ ಬೆಲ್ಟಿಗೆ ಸಿಕ್ಕಿಸಿಕೊಂಡು, ಅವನು ನಿಮ್ಮ ಎರಡೂ ಮುಂಗೈ ಹಿಡಿಯಲಿ. ಬಿಡಿಸಿಕೊಂಡು ಎಳೆಯಲು ಹೋಗಿ. ಗಟ್ಟಿ ಕೈ ಬಲಕ್ಕೆ ಜಗ್ಗುವುದಿಲ್ಲ, ಅತೆಮಿ ಏಕೆ ಬೇಕಿತ್ತೆಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ದೇಗುಲದ ಬಯಲಿನಲ್ಲಿ ಕೊನೆಗೊಂದು ಸಂಗತಿಯನ್ನು ತಪ್ಪಿಸಿಕೊಳ್ಳಬೇಡಿ. ಉಕೆ ಬಿದ್ದ ಕೂಡಲೇ ಜನರ ಗಮನ ಪಕ್ಕದ ಅಂಗಣಕ್ಕೆ ಹೋಗುತ್ತದೆ. ಕಟಾ ಮಾತ್ರ ಇನ್ನೂ ನಡೆಯುತ್ತಿರುತ್ತದೆ. ತೋರಿ ಬಿದ್ದವನ ಮೇಲಿನ ದೃಷ್ಟಿ ಕದಲಿಸದೆ, ಅವನ ಕೈಗೆ ಎಟುಕದಷ್ಟು ದೂರಕ್ಕೆ ಹಿಂದೆ ಸರಿಯುತ್ತಾನೆ. ಬಾಕು ನೆಲದಲ್ಲಿದ್ದರೆ ಅದು ಯಾರ ಕೈಗೆ ಹತ್ತಿರ ಎಂಬ ಲೆಕ್ಕ ಇಬ್ಬರಿಗೂ ಇರುತ್ತದೆ. ಉಕೆ ಎದ್ದು ತನ್ನ ಜಾಗಕ್ಕೆ ಹೋಗಿ ಕೂತ ಮೇಲೆಯೇ ತೋರಿಯ ಭುಜ ಇಳಿಯುತ್ತದೆ. ಆಗ ಅವನ ಪಾದ ನೋಡಿ, ಬೆರಳುಗಳು ಚಪ್ಪಟೆಯಾಗುವುದು ಎಲ್ಲಕ್ಕಿಂತ ಕೊನೆಗೆ.